ಕೋಟೆ ಸೀಮೆಯಲ್ಲಿ ಬಿತ್ತನೆ ಎಂದರೆ

ಮಂಗಳೂರಿನಿಂದ ಮೈಸೂರಿಗೆ ಬಂದು, ತಾರಸಿಯ ಕುಂಡದಲ್ಲಿ ಹಾಕಲು ಅವರೆ ಬೇಕೆಂದು ಕೇಳಿರುವ ನಿಮಗೆ ಬೀಜ ಎಂದ ಕೂಡಲೇ ಗೇರುಬೀಜ ನೆನಪಾಗುವುದು ಸಹಜ. ಕೇರಳದ ಗಡಿಗೆ ತಾಗಿದ ನಮ್ಮ ಹೆಗ್ಗಡದೇವನಕೋಟೆ ಕಡೆ ಅದು ಗೋಡಂಬಿ. ಬರೀ ಬೀಜ ಕೊಡಿ ಎಂದರೆ ಅಂಗಡಿಯವರು ಕಡಲೆಕಾಯಿ ಬೀಜ ಕಟ್ಟಿಕೊಟ್ಟಾರು. ಮಾವಿನದು ವಾಟೆ, ಹುಣಸೆಯದು ಪಿಕ್ಕ, ಅವರೆಯದು ಕಾಳು. ಇವನ್ನೆಲ್ಲ ನಾಲ್ಕು ಸಂತೆ ತಿರುಗಿದರೆ ಕಲಿತುಬಿಡುತ್ತೀರಿ. ತಿಳಿಯಬೇಕಾದದ್ದು ಬಿತ್ತನೆಯ, ಅಂದರೆ ಬಿತ್ತಲೆಂದೇ ಎತ್ತಿಡುವ ಬೀಜದ ವಿಚಾರ.

ಒಂದೇ ಹೊಲದ ರಾಗಿಯಲ್ಲಿ ಮುದ್ದೆಗೆ ಹೋಗುವುದೇ ಬೇರೆ, ಬಿತ್ತನೆಗೆ ಉಳಿಯುವುದೇ ಬೇರೆ. ಕಣದಲ್ಲಿ ಕಾಳು ಬಿಡಿಸುವ ರೋಣಗಲ್ಲು ಉರುಳುವ ಮುನ್ನವೇ ತುಂಬಿದ ತೆನೆಗಳನ್ನು ಆರಿಸಿ, ಬೇರೆಯಾಗಿ ಬಡಿದು, ಒಣಗಿಸಿ ಎತ್ತಿಡುತ್ತಾರೆ. ನನ್ನ ತಾಯಿ ಅವರೆಯ ಬಿತ್ತನೆಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಗಟ್ಟಿಯಾಗಿ ಕಲಸಿದ ಮಣ್ಣಿನ ರಾಡಿಗೆ ಕಾಳು ಸುರಿದು, ಒಂದೊಂದಕ್ಕೂ ಲೇಪ ಹತ್ತುವ ತನಕ ಅಂಗೈಯಲ್ಲಿ ಉಜ್ಜಿ, ಚಾಪೆಯ ಮೇಲೆ ಹರವಿ, ಗಲಗಲ ಎನ್ನುವಷ್ಟು ಒಣಗಿಸಿ ಮಡಕೆಗೆ ತುಂಬಿದರೆ ಮುಂಗಾರಿನವರೆಗೆ ಹುಳು ಹತ್ತುತ್ತಿರಲಿಲ್ಲ. ಮನೆಯಲ್ಲಿ ಹಿಟ್ಟು ತೀರಿದರೂ ಆ ಮಡಕೆಗೆ ಕೈ ಹಾಕುವಂತಿರಲಿಲ್ಲ. ಪಕ್ಕದ ಮನೆಯವರು ಬಿತ್ತನೆಗೆಂದು ಕೇಳಿದರೆ ಮಾತ್ರ ಮುಚ್ಚಳ ತೆಗೆಯುತ್ತಿದ್ದರು.

ಕಾಳೇ ಆಗಿರಬೇಕು ಎಂದೇನೂ ಇಲ್ಲ. ಮಂಡ್ಯದ ಗದ್ದೆಗಳಲ್ಲಿ ಎರಡು ಮೂರು ಕಣ್ಣಿರುವ ಕಬ್ಬಿನ ತುಂಡು ಬಿತ್ತನೆ. ರೇಷ್ಮೆಯಲ್ಲಿ ಬಿತ್ತನೆ ಗೂಡು ಎಂದರೆ ನೂಲು ಬಿಚ್ಚದೆ, ಚಿಟ್ಟೆ ಹೊರಬಂದು ಮೊಟ್ಟೆಯಿಡಲೆಂದು ಉಳಿಸಿದ ಗೂಡು. ನಮ್ಮಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ವಯನಾಡಿನವರು ಬಿತ್ತನೆ ಗೆಡ್ಡೆಯನ್ನು ಅರವತ್ತು ಕಿಲೋ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ. ನಾವು ಬಿತ್ತ ಎಂದರೆ ಅವರು ವಿತ್ತ್ ಎನ್ನುತ್ತಾರೆ. ವ್ಯಾಪಾರ ಕುದುರಲು ಇನ್ನೊಬ್ಬರು ಬೇಕಾಗುವುದಿಲ್ಲ. ಇನ್ನು ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಬೀಜದ ಹೋರಿ ಎಂಬ ಮಾತು ಕಿವಿಗೆ ಬಿದ್ದರೆ, ತಳಿಗಾಗಿ ಸಾಕಿದ ಹೋರಿ ಎಂದು ತಿಳಿಯಿರಿ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಹೊಟ್ಟೆ ತುಂಬಿತು. ಆ ಋಣ ದೊಡ್ಡದು. ಆದರೆ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕುವ ಊರಿನ ಸೊಗಡವರೆ, ಹುಚ್ಚೆಳ್ಳುಗಳನ್ನು ಮನೆಯವರೇ ಎತ್ತಿಡಬೇಕು. ಒಂದು ವರ್ಷ ಎತ್ತಿಡದಿದ್ದರೆ ಆ ಮನೆಯ ತಳಿ ಅಲ್ಲಿಗೆ ಮುಗಿಯಿತು. ಮಂಡ್ಯ ಜಿಲ್ಲೆಯ ಕಿರುಗಾವಲಿನ ರೈತ ಸೈಯದ್ ಘನಿ ಖಾನರು ನೂರಾರು ಭತ್ತದ ತಳಿಗಳನ್ನು ವರ್ಷವರ್ಷವೂ ಗದ್ದೆಗಿಳಿಸಿ ಕಾಯುತ್ತಿರುವುದು ಇದೇ ಕಾರಣಕ್ಕೆ. ಅವರ ಮೇಲೆ ನನಗೆ ತುಂಬಾ ಗೌರವ.

ತಾರಸಿಯ ಕುಂಡಕ್ಕೆ ಅವರೆ ಬೇಕೆಂದು ಕೇಳಿದ್ದೀರಲ್ಲ, ಸಂತೆಯಲ್ಲಿ ಕಾಳು ಮಾರುವ ಅಜ್ಜಿಯರ ಹತ್ತಿರ ‘ಬಿತ್ತನೆಗೆ ಬೇಕಮ್ಮ’ ಎಂದು ಮೊದಲೇ ಹೇಳಿ. ಮುಂದಿರುವ ರಾಶಿಯಿಂದ ಕೊಡದೆ, ಹಿಂದಿನ ಗಂಟು ಬಿಚ್ಚಿ ಕೊಡುತ್ತಾರೆ. ಅಂಗಡಿಯಲ್ಲಿ ಬಣ್ಣ ಹಚ್ಚಿದ ಬಿತ್ತನೆ ಕೊಂಡರೆ ಅದಕ್ಕೆ ಔಷಧಿ ಬೆರೆಸಿರುತ್ತದೆ. ಮಿಕ್ಕಿದ್ದನ್ನು ಅಡುಗೆಗೆ ಹಾಕಬೇಡಿ, ಕೋಳಿಗೂ ಚೆಲ್ಲಬೇಡಿ.