ರಾಣಿ ಇರುವ ಮನೆಗೆ ಇನ್ನೊಬ್ಬ ರಾಣಿ ಬೇಡ

ಪ್ರಶ್ನೆ: ಅಕ್ಕಾ, ನಮ್ಮ ಅಡಿಕೆ ತೋಟದಲ್ಲಿ ಐದು ಪೆಟ್ಟಿಗೆ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಾಡು ಜೇನು) ಇದೆ. ಕಳೆದ ತಿಂಗಳು ಒಂದು ಪೆಟ್ಟಿಗೆ ಪಾಲಾಯಿತು, ಒಂದಷ್ಟು ನೊಣಗಳು ಗುಂಪಾಗಿ ಎದ್ದು ಹೋದವು. ಆಮೇಲೆ ಹತ್ತು ದಿನವಾದರೂ ಮೇಣದ ಎರಿಯಲ್ಲಿ ಒಂದು ಮೊಟ್ಟೆಯೂ ಕಾಣಲಿಲ್ಲ. ರಾಣಿ ಇಲ್ಲವೆಂದುಕೊಂಡು, ಪರಿಚಯದವರಿಂದ ಮೊಟ್ಟೆಯಿಡುವ ರಾಣಿಯನ್ನು ತಂದು ಸಂಜೆ ಎರಿಗಳ ಮಧ್ಯೆ ಬಿಟ್ಟೆ. ಬೆಳಿಗ್ಗೆ ಅದು ಅಡಿಹಲಗೆಯ ಮೇಲೆ ಸತ್ತು ಬಿದ್ದಿತ್ತು. ನೊಣಗಳಿಗೆ ಯಾಕೆ ಹಿಡಿಸಲಿಲ್ಲ?
– ಸಿದ್ದಾಪುರ ತಾಲೂಕಿನ ಓದುಗರು

ಉತ್ತರ: ನೊಣಗಳನ್ನು ಬೈಯಬೇಡಿ ತಮ್ಮಾ. ಆ ಪೆಟ್ಟಿಗೆಯಲ್ಲಿ ಆಗಲೇ ಒಬ್ಬಳು ಓಡಾಡಿಕೊಂಡಿದ್ದಳು ಅಂತ ನನ್ನ ಅಂದಾಜು. ಪಾಲಾಗುವಾಗ ಮನೆ ಬಿಟ್ಟು ಹೋಗುವವಳು ಹಳೆಯ ರಾಣಿ. ಉಳಿದವರಿಗೆ ಕೋಶದಿಂದ ಹೊಸಬಳು ಹೊರಬರಬೇಕು, ನಾಲ್ಕೈದು ದಿನ ಬಲಿಯಬೇಕು, ಬಿಸಿಲಿದ್ದ ಮಧ್ಯಾಹ್ನ ಹಾರಿಹೋಗಿ ಗಂಡುನೊಣಗಳ ಜೊತೆ ಕೂಡಿ ಬರಬೇಕು. ಮೊಟ್ಟೆ ಶುರುವಾಗುವುದು ಅದಾಗಿ ಎರಡು ಮೂರು ದಿನಕ್ಕೆ. ಮೋಡ ಹಿಡಿದರೆ ಇನ್ನೂ ತಡ. ಹಾಗಾಗಿ ಪಾಲಾದ ಪೆಟ್ಟಿಗೆಯಲ್ಲಿ ಎರಡು ವಾರ ಮೊಟ್ಟೆ ಕಾಣದಿದ್ದರೆ ಗಾಬರಿ ಬೀಳುವ ಅಗತ್ಯವಿಲ್ಲ. ಗಂಡಿನ ಜೊತೆ ಇನ್ನೂ ಕೂಡದ ರಾಣಿ ಸಪೂರ, ಮಹಾ ಚುರುಕು. ನೀವು ಒಂದು ಎರಿ ಎತ್ತುವಷ್ಟರಲ್ಲಿ ಪಕ್ಕದ ಎರಿಗೆ ದಾಟಿರುತ್ತಾಳೆ.

ಖಾಲಿ ರಾಣಿ ಕೋಶಗಳನ್ನು ನೀವು ಗಮನಿಸಿದಿರೋ ಇಲ್ಲವೋ ಬರೆದಿಲ್ಲ. ಎರಿಯ ಕೆಳಅಂಚಿನಲ್ಲಿ ನೆಲಗಡಲೆಯಂತೆ ನೇತಾಡುತ್ತವಲ್ಲ, ಅವೇ. ತುದಿ ದುಂಡಗೆ ಕತ್ತರಿಸಿ ಮುಚ್ಚಳದ ಹಾಗೆ ತೆರೆದುಕೊಂಡಿದ್ದರೆ ರಾಣಿ ತಾನಾಗಿ ಹುಟ್ಟಿ ಹೊರಬಂದಿದ್ದಾಳೆ. ಪಕ್ಕದಲ್ಲಿ ತೂತು ಬಿದ್ದಿದ್ದರೆ ಒಳಗಿದ್ದವಳನ್ನು ಮೊದಲು ಹುಟ್ಟಿದವಳು ಮುಗಿಸಿದ್ದಾಳೆ. ಎರಡರಲ್ಲಿ ಯಾವುದು ಕಂಡರೂ ಮನೆಯಲ್ಲಿ ರಾಣಿ ಬಂದಿದ್ದಾಳೆಂದೇ ಲೆಕ್ಕ. ಹಾರಲು ಹೋದವಳನ್ನು ಹಕ್ಕಿ ತಿಂದಿದ್ದರೆ ಮಾತು ಬೇರೆ.

ಅನುಮಾನ ತೀರದಿದ್ದರೆ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ, ಎಳೆಹುಳು ಎರಡೂ ಇರುವ ಒಂದು ಎರಿಯನ್ನು ನೊಣ ಕೊಡವಿ ಇದಕ್ಕೆ ಕೊಡಿ. ಮೂರನೇ ದಿನ ತೆಗೆದು ನೋಡಿ. ಎರಿಯ ನಡುವೆಯೇ ರಾಣಿ ಕೋಶ ಕಟ್ಟಲು ಶುರುಮಾಡಿದ್ದರೆ ಮನೆಯಲ್ಲಿ ರಾಣಿಯಿಲ್ಲ. ಕಟ್ಟದೆ ಹುಳುಗಳನ್ನು ಸಾಮಾನ್ಯದಂತೆ ಸಾಕುತ್ತಿದ್ದರೆ ಇದ್ದಾಳೆ, ಪೆಟ್ಟಿಗೆ ಮುಚ್ಚಿ ಸುಮ್ಮನಿರಿ. ಇಷ್ಟು ಪರೀಕ್ಷೆ ಮಾಡದೆ ರಾಣಿ ತರಲು ಹೊರಡುವುದು ದುಡ್ಡಿಗೂ ದಂಡ, ಜೀವಕ್ಕೂ ದಂಡ.

ರಾಣಿಯಿಲ್ಲವೆಂದು ಖಾತ್ರಿಯಾಯಿತು ಅನ್ನಿ. ಆಗಲೂ ತಂದ ರಾಣಿಯನ್ನು ನೇರವಾಗಿ ಎರಿಗೆ ಬಿಡಬಾರದು. ಕಟ್ಟಲು ಶುರುಮಾಡಿದ ಕೋಶಗಳನ್ನೆಲ್ಲ ಒಂದೂ ಉಳಿಯದಂತೆ ಚಿವುಟಿ. ರಾಣಿಯನ್ನು ಸಣ್ಣ ಜಾಲರಿಯ ಪಂಜರಕ್ಕೆ ಹಾಕಿ, ಬಾಯಿಗೆ ಪುಡಿ ಸಕ್ಕರೆಯನ್ನು ಜೇನುತುಪ್ಪದಲ್ಲಿ ಗಟ್ಟಿಯಾಗಿ ಕಲಸಿದ ಉಂಡೆ ಮೆತ್ತಿ, ಮರಿ ಇರುವ ಎರಡು ಎರಿಗಳ ನಡುವೆ ಸಂಜೆ ಹೊತ್ತು ತೂಗುಹಾಕಿ. ತುಪ್ಪ ನಿಮ್ಮದೇ ರೋಗವಿಲ್ಲದ ಪೆಟ್ಟಿಗೆಯದಾಗಿರಲಿ. ಒಂದು ಕಡೆಯಿಂದ ನೊಣಗಳು ಉಂಡೆ ತಿನ್ನುತ್ತಾ ದಾರಿ ಬಿಡಿಸುವಷ್ಟರಲ್ಲಿ ಅವಳ ವಾಸನೆ ಮನೆಯವರಿಗೆ ಒಗ್ಗಿರುತ್ತದೆ.

ಮರುದಿನ ಪಂಜರದ ಮೇಲಿನ ನೊಣಗಳನ್ನು ಬೆರಳಿನಿಂದ ಮೆಲ್ಲಗೆ ಸರಿಸಿ. ಸುಲಭವಾಗಿ ಸರಿದು, ಜಾಲರಿಯೊಳಗೆ ನಾಲಿಗೆ ಚಾಚಿ ಉಣಿಸುತ್ತಿದ್ದರೆ ಸಂಬಂಧ ಕುದುರಿತು. ತಂತಿಯನ್ನು ಕಚ್ಚಿ ಹಿಡಿದು ಮುತ್ತಿಕೊಂಡಿದ್ದರೆ ಉಂಡೆಯ ಬಾಯಿಯನ್ನು ಮುಚ್ಚಿ ಇನ್ನೆರಡು ದಿನ ಕಾಯಿರಿ. ಬಿಟ್ಟ ಮೇಲೆ ಒಂದು ವಾರ ಪೆಟ್ಟಿಗೆ ಮುಟ್ಟಬೇಡಿ. ಹೊಸ ರಾಣಿ ಇರುವಾಗ ದಿನಾ ಮುಚ್ಚಳ ತೆಗೆದು ಇಣುಕುವವರ ಪೆಟ್ಟಿಗೆಯಲ್ಲೇ ನೊಣಗಳು ರಾಣಿಯನ್ನು ಸುತ್ತ ಮುತ್ತಿ ಮುದ್ದೆ ಕಟ್ಟಿ ಕೊಲ್ಲುವುದು ಹೆಚ್ಚು. ಹಾಗೆ ಮುದ್ದೆ ಕಟ್ಟಿದ್ದು ಕಣ್ಣಿಗೆ ಬಿದ್ದರೆ ಹೊಗೆ ಹಾಕಬೇಡಿ, ಇಡೀ ಮುದ್ದೆಯನ್ನು ತಣ್ಣೀರಿನ ಪಾತ್ರೆಗೆ ಹಾಕಿ. ನೊಣಗಳು ಚದುರುತ್ತವೆ, ರಾಣಿಯನ್ನು ಹೆಕ್ಕಿಕೊಳ್ಳಬಹುದು.

ಪ್ರಶ್ನೆ: ಇಟಾಲಿಯನ್ ಜೇನಿನ ರಾಣಿಯನ್ನು ತುಡುವೆ ಪೆಟ್ಟಿಗೆಗೆ ಕೊಟ್ಟರೆ ತುಪ್ಪ ಜಾಸ್ತಿ ಬರುತ್ತದೆಯೇ?
– ಹೆಸರು ಬೇಡವೆಂದವರು

ಉತ್ತರ: ಬರುವುದಿಲ್ಲ, ರಾಣಿಯೂ ಉಳಿಯುವುದಿಲ್ಲ. ಅವು ಎರಡು ಬೇರೆ ಜಾತಿಯ ಜೇನು, ತಳಿ ಬೇರೆ ಅಷ್ಟೇ ಅಂದುಕೊಳ್ಳಬೇಡಿ. ಹೆಸರು ಬೇಡವೆಂದದ್ದು ಒಳ್ಳೆಯದಾಯಿತು.

ಪ್ರಶ್ನೆ: ವಿಡಿಯೋಗಳಲ್ಲಿ ಎಳೆಹುಳುವನ್ನು ಸೂಜಿಯಿಂದ ಎತ್ತಿ ಪ್ಲಾಸ್ಟಿಕ್ ಬಟ್ಟಲಿಗೆ ಹಾಕಿ ರಾಣಿ ಮಾಡುತ್ತಾರೆ. ಆ ಸಲಕರಣೆ ಕೊಳ್ಳಲೇ?
– ಸುಳ್ಯದ ಓದುಗರು

ಉತ್ತರ: ಬಟ್ಟಲಿನ ವಿಧಾನ ಅಮೆರಿಕದ ಜೇನು ಸಾಕಣೆಗಾರ ಡೂಲಿಟ್ಲ್ 1889ರಲ್ಲೇ ಪುಸ್ತಕ ಮಾಡಿ ಹೇಳಿದ್ದು. ನೂರಾರು ರಾಣಿ ಮಾರುವವರಿಗೆ ಅದು ಬೇಕು. ಮೂರು ಪೆಟ್ಟಿಗೆಯನ್ನು ಆರು ಮಾಡಲು ಒಂದು ಚೂಪು ಚಾಕು ಸಾಕು.

ಮಳೆ ನಿಂತು ಹೂವು ಬಂದು, ಗಂಡುನೊಣಗಳ ಕೋಶ ಎದ್ದ ಮೇಲೆ ಶುರುಮಾಡಿ. ತುಡುವೆಯಲ್ಲಿ ಗಂಡಿನ ಕೋಶದ ಮುಚ್ಚಳದ ನಡುವೆ ಸಣ್ಣ ತೂತಿರುತ್ತದೆ, ಗುರುತು ತಪ್ಪುವುದಿಲ್ಲ. ಗಂಡಿಲ್ಲದ ಕಾಲದಲ್ಲಿ ರಾಣಿ ಹುಟ್ಟಿಸಿ ಪ್ರಯೋಜನವಿಲ್ಲ. ತುಂಬಿದ, ಸಾಧುವಾದ, ರೋಗ ಕಾಣದ ಪೆಟ್ಟಿಗೆಯನ್ನೇ ಆರಿಸಿ. 1991-92ರಲ್ಲಿ ಎಳೆಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ನಮ್ಮ ಕಡೆ ತುಡುವೆ ಕುಟುಂಬಗಳು ಸಾಲುಸಾಲಾಗಿ ಸತ್ತದ್ದನ್ನು ಕಂಡವರು ತುಪ್ಪಕ್ಕಿಂತ ಮೊದಲು ಆರೋಗ್ಯ ನೋಡುತ್ತಾರೆ.

ಆ ಪೆಟ್ಟಿಗೆಯ ರಾಣಿಯನ್ನು ಎರಡು ಎರಿ, ಅದರ ಮೇಲಿನ ನೊಣಗಳ ಸಮೇತ ಬೇರೆ ಪೆಟ್ಟಿಗೆಗೆ ಸಾಗಿಸಿ. ಉಳಿದವರಿಗೆ ಮೊಟ್ಟೆಯಿರುವ ಎರಿ, ಸಕ್ಕರೆ ಪಾಕ ಎರಡೂ ಇರಲಿ. ಅವರೇ ರಾಣಿ ಕೋಶ ಕಟ್ಟುತ್ತಾರೆ. ಮೂರನೇ ದಿನಕ್ಕೇ ಬಾಯಿ ಮುಚ್ಚಿದ ಕೋಶಗಳಿದ್ದರೆ ತೆಗೆದುಬಿಡಿ, ಅವು ದೊಡ್ಡ ಹುಳುಗಳಿಂದ ಅವಸರಕ್ಕೆ ಮಾಡಿದವು. ಎಂಟನೇ ದಿನ ಒಳ್ಳೆಯ ಕೋಶಗಳನ್ನು ಸುತ್ತಲಿನ ಸ್ವಲ್ಪ ಎರಿಯ ಸಮೇತ ಕೊಯ್ದು, ಬೇರೆ ಪೆಟ್ಟಿಗೆಗೆ ಹಂಚಿಟ್ಟ, ರಾಣಿಯಿಲ್ಲದ ಒಂದೊಂದು ಪಾಲಿಗೆ ಒಂದೊಂದು ಅಂಟಿಸಿ. ತುದಿ ಕೆಳಮುಖವಾಗಿಯೇ ಇರಬೇಕು. ಅಲುಗಿಸಬೇಡಿ, ಬಿಸಿಲಿಗೆ ಹಿಡಿಯಬೇಡಿ. ಹುಟ್ಟುವ ಹೊತ್ತು ಹತ್ತಿರ ಬಂದಾಗ ನೊಣಗಳು ಕೋಶದ ತುದಿಯ ಮೇಣ ಕೆರೆದು ಕಂದು ಬಣ್ಣದ ಪೊರೆ ಕಾಣುವಂತೆ ಮಾಡಿರುತ್ತವೆ. ಅಂಥ ಕೋಶ ಸಿಕ್ಕಿದರೆ ನಾಳೆಗೆ ಇಡಬೇಡಿ, ಅಂದೇ ಹಂಚಿ.