ನಾಟಕವೋ, ತಾಂತ್ರಿಕ ಬರವಣಿಗೆಯೋ?

ಸೋಮವಾರಪೇಟೆಯಲ್ಲಿ ತೋಟ ನೋಡಿಕೊಳ್ಳುತ್ತಲೇ ಸಂಪಾದನೆಗೂ ದಾರಿಯಾಗುವಂತೆ ನಾಟಕ ಅಧ್ಯಯನ, ತಾಂತ್ರಿಕ ಬರವಣಿಗೆ ಇವೆರಡರಲ್ಲಿ ಯಾವ ಸರ್ಟಿಫಿಕೇಟ್ ಕೋರ್ಸ್ ಮೊದಲು ಮಾಡಲಿ ಎಂದು ಕೇಳಿದ್ದೀರಿ. ಯಂತ್ರ, ಸಾಧನಗಳನ್ನು ಬಳಸುವುದು ಹೇಗೆಂದು ತಿಳಿಸುವ ತಾಂತ್ರಿಕ ಬರವಣಿಗೆಯೇ ಮೊದಲಿರಲಿ. ಅದನ್ನು ಮನೆಯಿಂದಲೇ ಕಲಿಯಬಹುದು. ಆದರೆ ಕೆಲಸ ಕೊಡುವವರು ಪ್ರಮಾಣಪತ್ರಕ್ಕಿಂತ ಬರಹದ ಮಾದರಿಗಳನ್ನು ನೋಡುತ್ತಾರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಿಮ್ಮ ಪಲ್ಪರ್ ಯಂತ್ರದ ಕೈಪಿಡಿಯನ್ನೇ ತಿದ್ದಿ ಬರೆಯಿರಿ. ಒಂದು ಹಂತಕ್ಕೆ ಒಂದೇ ಕೆಲಸ. ಎಚ್ಚರಿಕೆಯ ಮಾತು ಆ ಹಂತಕ್ಕೆ ಮುಂಚೆಯೇ ಬರಬೇಕು, ಕೈ ಸಿಕ್ಕಿಕೊಂಡ ಮೇಲಲ್ಲ. ಬರೆದದ್ದನ್ನು ಆ ಯಂತ್ರ ಗೊತ್ತಿಲ್ಲದವರಿಗೆ ಓದಲು ಕೊಡಿ. ಅವರು ತಡವರಿಸಿದ ಕಡೆಯೆಲ್ಲ ಮತ್ತೆ ಬರೆಯಿರಿ. ಇಂಥ ಮೂರ್ನಾಲ್ಕು ಮಾದರಿಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧವಾದರೆ ಧೈರ್ಯವಾಗಿ ಅರ್ಜಿ ಹಾಕಿ.

ಹಾಗೆಂದು ನಾಟಕವನ್ನು ಬಿಡಬೇಡಿ. ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ ನಾಟಕ ಬರೆದ ನೆಲ ನಮ್ಮದು, ಇಲ್ಲಿ ಬರೆಯುವವರು ಇನ್ನೂ ಬೇಕು. ನಾಟಕ ಅಧ್ಯಯನವೆಂದರೆ ಮುಖ್ಯವಾಗಿ ಕೃತಿಗಳ ಓದು, ರಂಗ ಇತಿಹಾಸ, ವಿಮರ್ಶೆ. ಅಭಿನಯವೇ ನಿಮ್ಮ ಆಸೆಯಾದರೆ ಮೈಸೂರಿನ ರಂಗಾಯಣ, 1980ರಿಂದ ರಂಗಶಿಕ್ಷಣ ಕೊಡುತ್ತಿರುವ ಹೆಗ್ಗೋಡಿನ ನೀನಾಸಂ ಇವೆ. ಅಲ್ಲಿ ಪೂರ್ಣಾವಧಿ ಇದ್ದು ಕಲಿಯಬೇಕು. ಕಾಫಿ ಕೊಯ್ಲಿನ ಹೊತ್ತಿಗೆ ತೋಟವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮನೆಯವರೊಡನೆ ಈಗಲೇ ಮಾತಾಡಿಕೊಳ್ಳಿ.