ಗುಡ್ಡೆಯ ಮೇಲೆ ರೇಂಜ್, ಗಡಿಯ ಆಚೆ ಕಾಲೇಜು

ಕೊರೊನಾ ಕಾಲದಲ್ಲಿ ಕಾಸರಗೋಡಿನ ಕಾಲೇಜು ಮಕ್ಕಳು ಆನ್‌ಲೈನಿನಲ್ಲಿ ಹೇಗೆ ಓದಿದರು ಅಂತ ಕೇಳಿದ್ದೀರಿ. ಕೇರಳದಲ್ಲಿ ಎಲ್ಲ ಸವಲತ್ತು ಇದೆಯಲ್ಲ, ನಿಮಗೆ ಅಷ್ಟು ಕಷ್ಟ ಆಗಿರಲಿಕ್ಕಿಲ್ಲ ಅಂತಲೂ ಬರೆದಿದ್ದೀರಿ. ಕೇರಳ ಬೇಗ ತಯಾರಾದದ್ದು ನಿಜ. 2020ರ ಜೂನ್ 1ಕ್ಕೇ ಶಾಲೆ ಮಕ್ಕಳಿಗೆ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಪಾಠ ಶುರುವಾಯಿತು. ಕಾಲೇಜುಗಳ ಆನ್‌ಲೈನ್ ಕ್ಲಾಸೂ ಅದೇ ದಿನ ಶುರು. ಆದರೆ ನಾವಿರುವುದು ಕೇರಳದ ಉತ್ತರದ ತುದಿಯಲ್ಲಿ. ಇಲ್ಲಿ ನೆಟ್ಟಿನ ಜೊತೆಗೆ ಭಾಷೆಯೂ ಅಡ್ಡ ಬಂತು, ಗಡಿಯೂ ಅಡ್ಡ ಬಂತು. ನಾನಾಗ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಡಿಗ್ರಿಯ ಕೊನೆಯ ವರ್ಷಕ್ಕೆ ಬಂದಿದ್ದೆ. ತಂಗಿ ಮಂಗಳೂರಿನಲ್ಲಿ ದ್ವಿತೀಯ ಪಿಯುಸಿ. ಹಾಗಾಗಿ ಎರಡೂ ಕಡೆಯದ್ದನ್ನು ಒಂದೇ ಮನೆಯಲ್ಲಿ ಕಂಡಿದ್ದೇನೆ.

ಬದಿಯಡ್ಕ, ಪೆರ್ಲ, ಬಾಯಾರು, ಮುಳ್ಳೇರಿಯ, ದೇಲಂಪಾಡಿ ಕಡೆಗೆ ನೀವು ಬಂದಿಲ್ಲ ಅಂತ ಕಾಣುತ್ತದೆ. ಇಲ್ಲೆಲ್ಲ ಮುರಕಲ್ಲಿನ ಗುಡ್ಡೆ, ಅದರ ಬುಡದಲ್ಲಿ ಅಡಿಕೆ ತೋಟ, ತೋಟದ ಪಕ್ಕದಲ್ಲೇ ಮನೆ. ಹಿರಿಯರು ನೀರು ಇರುವ ಜಾಗ ನೋಡಿ ಮನೆ ಕಟ್ಟಿದರು. ನೀರು ಸಿಗುವುದು ತಗ್ಗಿನಲ್ಲಿ, ಮೊಬೈಲಿಗೆ ರೇಂಜ್ ಸಿಗುವುದು ಗುಡ್ಡೆಯ ನೆತ್ತಿಯಲ್ಲಿ. ಅಂಗಳದಲ್ಲಿ ನಿಂತರೆ ಫೋನ್ ಕರೆ ಬರುತ್ತಿತ್ತು, ವಿಡಿಯೊ ಕ್ಲಾಸು ಮಾತ್ರ ಸುತ್ತುತ್ತಲೇ ಇರುತ್ತಿತ್ತು. ಹಾಗಾಗಿ ಬೆಳಿಗ್ಗೆ ಗುಡ್ಡೆ ಹತ್ತುವುದು. ಗೇರುಮರದ ಅಡಿಯಲ್ಲಿ ನಾಲ್ಕು ಕಂಬ ನೆಟ್ಟು ಟಾರ್ಪಾಲು ಕಟ್ಟಿ ಅಣ್ಣಂದಿರು ಒಂದು ಶೆಡ್ಡು ಮಾಡಿಕೊಟ್ಟಿದ್ದರು. ಅಲ್ಲಿ ಪ್ಲಸ್ ಟು ಮಕ್ಕಳೂ ಇದ್ದರು, ಡಿಗ್ರಿಯವರೂ ಇದ್ದರು. ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕಳಿಸುತ್ತಿರಲಿಲ್ಲ. ಜೊತೆಗೆ ತಮ್ಮನೋ ತಂಗಿಯೋ ಬರಬೇಕು. ಆ ಪುಟ್ಟವರು ಮಧ್ಯಾಹ್ನದ ತನಕ ಸುಮ್ನೆ ಕೂತಿರಬೇಕಿತ್ತು.

ಜೂನ್, ಜುಲೈ ಅಂದರೆ ನಮ್ಮಲ್ಲಿ ಜಡಿಮಳೆ. ಟಾರ್ಪಾಲಿನ ಮೇಲೆ ಮಳೆ ಬಿದ್ದರೆ ಪಾಠ ಕೇಳಿಸುವುದಿಲ್ಲ. ಇಯರ್‌ಫೋನ್ ಹಾಕಿ ಅದರ ಮೇಲೆ ಕೈ ಒತ್ತಿಕೊಂಡು ಕೂರುತ್ತಿದ್ದೆವು. ಮರ ಬಿದ್ದು ಕರೆಂಟ್ ಹೋದರೆ ಫೋನಿಗೆ ಚಾರ್ಜಿಲ್ಲ. ಕರೆಂಟ್ ಬರುವುದು ತಡವಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಆಗ ಗುಡ್ಡೆ ಹತ್ತಿಯೂ ಪ್ರಯೋಜನವಿಲ್ಲ. ಹಾಜರಿ ಕೊಡುವುದು ಕ್ಲಾಸಿನ ಕೊನೆಗೆ ಬರುವ ಲಿಂಕಿನಲ್ಲಿ. ಮುಕ್ಕಾಲು ಗಂಟೆ ಪಾಠ ಕೇಳಿ, ಕೊನೆಯ ಎರಡು ನಿಮಿಷಕ್ಕೆ ರೇಂಜ್ ಹೋದರೆ ಆ ದಿನ ಗೈರುಹಾಜರಿ. ಇದನ್ನು ನಾವು ಹೇಳಿದಾಗ ಕೆಲವು ಅಧ್ಯಾಪಕರು ಅರ್ಥಮಾಡಿಕೊಂಡರು, ಕೆಲವರು ನಂಬಲಿಲ್ಲ. 2021ರಲ್ಲಿ ನಮ್ಮ ನೆರೆಯ ಸುಳ್ಯ ತಾಲ್ಲೂಕಿನ ಒಂದು ಫೋಟೊ ಎಲ್ಲ ಕಡೆ ಹರಿದಾಡಿತು, ನೀವೂ ನೋಡಿರಬಹುದು. ಮಗಳು ರಸ್ತೆ ಬದಿಯಲ್ಲಿ ಕೂತು ಕ್ಲಾಸು ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ನೋಡಿದವರಿಗೆಲ್ಲ ಆಶ್ಚರ್ಯ. ನಮ್ಮ ಊರಿನವರಿಗೆ ಅದು ದಿನಾ ಕಾಣುವುದೇ ಆಗಿತ್ತು.

ಮನೆಯಲ್ಲಿ ಕೂತು ಓದುವವರಿಗೆ ಇನ್ನೊಂದು ಕಷ್ಟ. ಮಕ್ಕಳು ಮನೆಯಲ್ಲಿದ್ದಾರೆ ಅಂದರೆ ಕೆಲಸಕ್ಕೆ ಸಿಗುತ್ತಾರೆ ಅಂತಲೇ ಲೆಕ್ಕ. ಅಡಿಕೆಗೆ ಮದ್ದು ಬಿಡುವ ಸಮಯ ಬೇರೆ. ‘ಹೇಗೂ ಮನೆಯಲ್ಲೇ ಇದ್ದಿಯಲ್ಲ, ಎರಡು ಕೊಡಪಾನ ನೀರು ತಂದು ಆಮೇಲೆ ಕೂತುಕೊ’ ಅಂತ ಅಮ್ಮ. ಬೀಡಿ ಕಟ್ಟುವ ಮನೆಗಳಲ್ಲಿ, ಗಲ್ಫಿನಿಂದ ಕೆಲಸ ಕಳೆದುಕೊಂಡು ಅಣ್ಣಂದಿರು ವಾಪಸು ಬಂದ ಮನೆಗಳಲ್ಲಿ ಫೋನಿಗೆ ರೀಚಾರ್ಜ್ ಮಾಡಿಸಲೂ ಯೋಚನೆ ಮಾಡಬೇಕಿತ್ತು.

ಈಗ ಭಾಷೆಗೆ ಬರುತ್ತೇನೆ. ಹೊರಗಿನವರು ಇದನ್ನು ಕೇಳುವುದೇ ಇಲ್ಲ. ನನಗೆ ಜಾಸ್ತಿ ಹೇಳಬೇಕು ಅನಿಸುವುದು ಇದನ್ನೇ.

ಇಲ್ಲಿ ಹತ್ತನೇ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರು ಬೇಕಾದಷ್ಟು ಮಂದಿ ಇದ್ದಾರೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಟಿಯೋ. ಪೇಟೆಗೆ ಇಳಿದರೆ ಮಲಯಾಳ. ಕೇಳಿ ಕೇಳಿ ಮಲಯಾಳ ಅರ್ಥವಾಗುತ್ತದೆ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡುವಷ್ಟು ಬರುತ್ತದೆ. ಆದರೆ ನಮ್ಮಲ್ಲಿ ತುಂಬಾ ಜನರಿಗೆ ಓದಲು ಬರುವುದಿಲ್ಲ. ಡಿಗ್ರಿಯಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಅಧ್ಯಾಪಕರ ಮಲಯಾಳವಂತೂ ನಾವು ಪೇಟೆಯಲ್ಲಿ ಕೇಳಿದ ಕಾಸರಗೋಡಿನ ಮಲಯಾಳದ ಹಾಗಿರುವುದಿಲ್ಲ. ಅವರು ಒಳ್ಳೆಯವರು, ಚೆನ್ನಾಗಿ ಪಾಠ ಮಾಡುವವರು. ಕನ್ನಡ ಮಾತ್ರ ಬಾರದು.

ಕಾಲೇಜಿನಲ್ಲಿ ಇದಕ್ಕೊಂದು ದಾರಿ ಇತ್ತು. ನನ್ನ ಬೆಂಚಿನ ಗೆಳತಿ ಉಪ್ಪಳದವಳು. ಮನೆಮಾತು ಮಲಯಾಳ, ಹೈಸ್ಕೂಲು ಓದಿದ್ದು ಕನ್ನಡದಲ್ಲಿ. ಸರ್ ಹೇಳಿದ್ದು ತಿಳಿಯದಿದ್ದರೆ ಮೊಣಕೈ ತಾಗಿಸಿದರೆ ಸಾಕು, ನನ್ನ ನೋಟ್ಸಿನ ಅಂಚಿನಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದುಬಿಡುತ್ತಿದ್ದಳು. ಸರ್ ಕೂಡ ನಮ್ಮ ಮುಖ ನೋಡಿ, ಅರ್ಥವಾಗಿಲ್ಲ ಅಂತ ತಿಳಿದು, ಅದನ್ನೇ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಗೂಗಲ್ ಮೀಟ್‌ನಲ್ಲಿ ಪಕ್ಕದಲ್ಲಿ ಯಾರೂ ಇಲ್ಲ. ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತದೆ ಅಂತ ಎಲ್ಲರ ಕ್ಯಾಮೆರಾವೂ ಬಂದ್. ಸರ್‌ಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಅಷ್ಟು ಜನರ ನಡುವೆ ಮೈಕ್ ಆನ್ ಮಾಡಿ ‘ಸರ್, ಮಲಯಾಳ ಗೊತ್ತಾಗಲಿಲ್ಲ’ ಅಂತ ಹೇಳುವ ಧೈರ್ಯ ಎಷ್ಟು ಮಂದಿಗೆ ಇರುತ್ತದೆ ಹೇಳಿ?

ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಮಲಯಾಳ ಲಿಪಿಯಲ್ಲಿ ಸಂದೇಶ ಬರುತ್ತಿತ್ತು. ನಾಳೆ ಅಸೈನ್‌ಮೆಂಟ್ ಕೊಡಬೇಕಾ, ಇಂಟರ್ನಲ್ ಪರೀಕ್ಷೆ ಯಾವಾಗ, ಒಂದೂ ತಿಳಿಯದು. ನಾವು ಕನ್ನಡದವರು ಬೇರೆ ಒಂದು ಗುಂಪು ಮಾಡಿಕೊಂಡೆವು. ಬಂದ ಸಂದೇಶವನ್ನು ಉಪ್ಪಳದ ಗೆಳತಿ ಓದಿ, ಕನ್ನಡದಲ್ಲಿ ಹೇಳಿ, ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಹಿಂದೆ ಅವಳ ಮನೆಯ ಪಾತ್ರೆಗಳ ಸದ್ದು, ಚಿಕ್ಕ ತಮ್ಮನ ಅಳು ಎಲ್ಲ ಕೇಳಿಸುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಪಾಠಗಳನ್ನೇ ಹಾಗೆ ತುಂಡುತುಂಡಾಗಿ ಹೇಳಿ ಕಳಿಸಿದಳು. ವಾಯ್ಸ್ ಮೆಸೇಜಿಗೆ ಡೇಟಾ ಕಮ್ಮಿ ಸಾಕಲ್ವಾ, ರಾತ್ರಿ ಹೊತ್ತು ತಗ್ಗಿನ ಮನೆಗೂ ಬಂದು ಮುಟ್ಟುತ್ತಿತ್ತು. ನಾನು ಪಾಸಾದದ್ದು ಅವಳ ಆ ದನಿಯಿಂದ. ಕನ್ನಡ ಮಾಧ್ಯಮದ ಶಾಲೆ ಮಕ್ಕಳಿಗಾದರೆ ಕನ್ನಡದಲ್ಲೇ ಪಾಠದ ವಿಡಿಯೊ ಬಂತು, ಇಲ್ಲಿನ ಮೇಷ್ಟ್ರುಗಳೇ ಅದನ್ನು ಮಾಡಿದರು. ನಮಗೆ ಸಿಕ್ಕಿದ್ದು ಎರಡನೇ ಭಾಷೆ ಕನ್ನಡದ ಕ್ಲಾಸು ಒಂದೇ. ಅದರಲ್ಲಿ ಮಾತ್ರ ಎಲ್ಲರೂ ಬಾಯಿ ಬಿಟ್ಟು ಮಾತಾಡುತ್ತಿದ್ದರು.

ತಂಗಿಯದ್ದು ಇದಕ್ಕೆ ತಿರುಗಿದ ಕಥೆ. ಅವಳಿಗೆ ಪಾಠ ಅರ್ಥವಾಗುತ್ತಿತ್ತು, ಕಾಲೇಜಿಗೆ ಹೋಗಲು ದಾರಿ ಇರಲಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ನಮಗೆ ದೊಡ್ಡಾಸ್ಪತ್ರೆ ಅಲ್ಲಿ, ಮದುವೆಯ ಜವುಳಿ ಅಲ್ಲಿ, ಎಷ್ಟೋ ಮಕ್ಕಳಿಗೆ ಕಾಲೇಜೂ ಅಲ್ಲಿ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಹೆದ್ದಾರಿ ಗಡಿ ದಾಟುವ ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನೂ ತಡೆದರು, ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಆ ನೋವು ಇಲ್ಲಿ ಇನ್ನೂ ಇದೆ. ಲಾಕ್‌ಡೌನಿನಿಂದ ಬಾಕಿಯಾಗಿದ್ದ ಪಿಯುಸಿ ಇಂಗ್ಲಿಷ್ ಪರೀಕ್ಷೆಯನ್ನು ಜೂನ್ 18ಕ್ಕೆ ಇಟ್ಟರು. ಅಪ್ಪ ಅವಳನ್ನು ಬೈಕಿನಲ್ಲಿ ತಲಪಾಡಿಗೆ ಬಿಟ್ಟರು. ಅಲ್ಲಿಂದ ಆಚೆಗೆ ಪರೀಕ್ಷೆ ಬರೆಯುವ ಮಕ್ಕಳಿಗೆಂದೇ ಬಸ್ಸು ಇತ್ತು. ಅವಳು ಬರೆದು ಬರುವ ತನಕ ಅಪ್ಪ ಈಚೆ ಬದಿಯಲ್ಲೇ ಕಾದರು.

ಆಮೇಲೆ ಅವಳು ಮಂಗಳೂರಿನಲ್ಲೇ ಡಿಗ್ರಿಗೆ ಸೇರಿದಳು. ಅಲ್ಲಿ ಕಾಲೇಜು ತೆರೆದಾಗ ಬೇರೆಯವರು ಬೆಂಚಿನಲ್ಲಿ ಕೂತರು, ಇವಳು ಹಲವು ದಿನ ಗುಡ್ಡೆಯ ಶೆಡ್ಡಿನಲ್ಲಿ. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ ಆರ್‌ಟಿಪಿಸಿಆರ್ ನೆಗೆಟಿವ್ ಬೇಕು ಅಂತ ಆದೇಶ ಬಂತು. 72 ಗಂಟೆಯೊಳಗಿನ ಸರ್ಟಿಫಿಕೇಟು. ದಿನಾ ಹೋಗಿ ಬರುವ ಮಕ್ಕಳಿಗೆ 15 ದಿನಕ್ಕೊಮ್ಮೆ ಕೊರೊನಾ ಪರೀಕ್ಷೆ. ತಲಪಾಡಿ, ಸಾರಡ್ಕ, ಜಾಲ್ಸೂರಿನಂಥ ಕೆಲವೇ ಕಡೆ ದಾಟಬಹುದಿತ್ತು. ಆಗಸ್ಟಿನಲ್ಲಿ ಮತ್ತೆ ಬಿಗಿಯಾಯಿತು, ಬಸ್ಸುಗಳು ಗಡಿಯಲ್ಲೇ ನಿಂತವು. ಇಳಿದು, ಕಾಗದ ತೋರಿಸಿ, ನಡೆದು ದಾಟಿ, ಆಚೆ ಇನ್ನೊಂದು ಬಸ್ಸು ಹತ್ತಬೇಕು. ರೋಗ ಹರಡಬಾರದು, ಅದು ಸರಿ. ಆದರೆ ಹುಟ್ಟಿದಾಗಿನಿಂದ ಓಡಾಡಿದ ದಾರಿಯಲ್ಲಿ ಹೊರಗಿನವರ ಹಾಗೆ ನಿಲ್ಲುವುದು ಆ ಮಕ್ಕಳಿಗೆ ತುಂಬಾ ನೋವು ಕೊಟ್ಟಿತು. ಅವಳ ಜೊತೆಯವರಲ್ಲಿ ಇಬ್ಬರು ಹೋಗಿಬರುವ ಕಷ್ಟಕ್ಕೇ ಓದು ಬಿಟ್ಟರು.

ನಮ್ಮ ಕಡೆ ಕೊನೆಯ ವರ್ಷದವರಿಗೆ 2021ರ ಜನವರಿ 4ಕ್ಕೆ ಕಾಲೇಜು ತೆರೆಯಿತು, ಒಮ್ಮೆಗೆ ಅರ್ಧದಷ್ಟು ಮಂದಿ. ಗೆಳತಿಯದ್ದೂ ನನ್ನದೂ ಒಂದೇ ಪಾಳಿಗೆ ಬಂತು. ಅಷ್ಟರಲ್ಲಿ ಎರಡನೇ ಅಲೆ ಬಂದು ಮತ್ತೆ ಮುಚ್ಚಿದರು.

ನೀವು ಕಳಿಸಿದ ಪ್ರಶ್ನೆಗಳಲ್ಲಿ ಫೋನ್ ಇತ್ತಾ, ನೆಟ್ ಇತ್ತಾ, ಕರೆಂಟ್ ಇತ್ತಾ ಅಂತ ಇದೆ. ಅದರ ಜೊತೆಗೆ ಪಾಠ ಯಾವ ಭಾಷೆಯಲ್ಲಿ ನಡೆಯಿತು, ತಿಳಿಯದ್ದನ್ನು ಯಾರ ಹತ್ತಿರ ಕೇಳಿದಿರಿ ಅನ್ನುವುದನ್ನೂ ಸೇರಿಸಿ. ಕಾಸರಗೋಡು ಪೇಟೆಯ ಕಾಲೇಜಿಗೆ ಹೋಗಿ ಕೇಳಿದರೆ ಸಾಲದು. ಪೆರ್ಲ, ಬಾಯಾರು, ದೇಲಂಪಾಡಿಯ ಮಕ್ಕಳನ್ನು ಕೇಳಿ, ಮಂಗಳೂರಿಗೆ ಹೋಗಿ ಓದಿದವರನ್ನೂ ಕೇಳಿ. ನೀವು ಬರುವುದಾದರೆ ಮೊದಲೇ ತಿಳಿಸಿ, ಮಾತಾಡುವ ಐದಾರು ಮಂದಿಯನ್ನು ನಾನೇ ಒಟ್ಟು ಮಾಡುತ್ತೇನೆ.